ಟೀ ಅಂಗಡಿಯ ಅಕ್ಕ ಟೀ ಬಿಟ್ಟ ಕಥೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಊಟ ಬಲ್ಲವಳು ನನ್ನ ಅಕ್ಕ. ಮಾತು ಬಲ್ಲವರು ಯಾರೂ ಇಲ್ಲ, ನಾನಂತೂ ಅಲ್ಲವೇ ಅಲ್ಲ. ಹೀಗಿರುವಾಗ ಆ ಊಟ ಬಲ್ಲವಳಿಗೇ ರೋಗ ಬಂತು ಅಂದರೆ ನನಗೆ ಎಷ್ಟು ಸಿಟ್ಟು ಬಂದಿರಬೇಡ! ಗಾದೆ ಮಾಡಿದವನು ಎದುರಿಗೆ ಸಿಕ್ಕಿದ್ದರೆ ಕೇಳಿಯೇ ಬಿಡುತ್ತಿದ್ದೆ.

ಅಕ್ಕ-ಭಾವನದು ಬಸ್ ನಿಲ್ದಾಣದ ಎದುರಿನ ಸಣ್ಣ ಟೀ ಅಂಗಡಿ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ಎರಡು ಕೋಣೆ. ಒಂದರಲ್ಲಿ ಅವರಿಬ್ಬರು ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು, ಇನ್ನೊಂದರಲ್ಲಿ ನಾನು ಮತ್ತು ನನ್ನ ಹೊಲಿಗೆ ಮಿಷನ್. ಶಾಲೆಯ ಯೂನಿಫಾರಂ ಹೊಲಿಯುತ್ತೇನೆ, ಅಕ್ಕನ ಕೈಯಡುಗೆ ಉಣ್ಣುತ್ತೇನೆ, ದಿನಕ್ಕೊಮ್ಮೆ ಅವಳ ಜೊತೆ ಜಗಳವಾಡುತ್ತೇನೆ. ಅಂಗಡಿಯ ಗಳಿಕೆ ಅಷ್ಟಕ್ಕಷ್ಟೆ. ಆದರೂ ಅವಳ ಅಡುಗೆಮನೆಯಿಂದ ಯಾರೂ ಅರೆಹೊಟ್ಟೆಯಲ್ಲಿ ಎದ್ದದ್ದಿಲ್ಲ. ಬೆಳಗಿನ ಟೀ ಇಳಿಸಿದ ಮೇಲೆ ಇದ್ದಿಲ ಒಲೆಯಲ್ಲಿ ಉಳಿದ ಬಿಸಿಗೆ ನೆನೆಸಿದ ಕಾಳು ಏರುತ್ತಿತ್ತು. ಕಾಳು ಬೆಂದ ನೀರನ್ನು ಚೆಲ್ಲುವ ಮಾತೇ ಇಲ್ಲ, ಅದಕ್ಕೇ ಈರುಳ್ಳಿ, ಟೊಮೆಟೊ ಬಿದ್ದು ಸಾರಾಗುತ್ತಿತ್ತು. ಅಂಗಡಿಯಲ್ಲಿ ಮಾರಾಟವಾಗದ ಬ್ರೆಡ್ಡು ಮರುದಿನ ಮೊಟ್ಟೆಯಲ್ಲಿ ಮುಳುಗಿ ಮಕ್ಕಳ ತಿಂಡಿಯಾಗುತ್ತಿತ್ತು. ಎಲ್ಲರದೂ ಆದ ಮೇಲೆ ಅಕ್ಕ ನಿಂತುಕೊಂಡೇ ಪಾತ್ರೆ ಕೆರೆದು ತಿನ್ನುತ್ತಿದ್ದಳು. ಹದಿನೆಂಟು ವರ್ಷ ಹೀಗೇ ನಡೆಯಿತು.

ಒಂದು ದಿನ ಮೆಟ್ಟಿಲು ಹತ್ತುವಾಗ ಅವಳಿಗೆ ಕಣ್ಣು ಕತ್ತಲೆ ಬಂದು ಅರ್ಧದಲ್ಲೇ ಕೂತುಬಿಟ್ಟಳು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗರ್ಭಕೋಶದಲ್ಲಿ ಗಡ್ಡೆ, ಅದಕ್ಕೇ ತಿಂಗಳು ತಿಂಗಳು ರಕ್ತ ಹೋಗುತ್ತಿದೆ, ಆಪರೇಷನ್ ಆಗಲೇಬೇಕು ಅಂದರು ಡಾಕ್ಟರಮ್ಮ. ಆದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಹತ್ತು ಇರಬೇಕು. ಅಕ್ಕನದು ಏಳು ಪಾಯಿಂಟ್ ಎಂಟು.

"ಆರು ವಾರ ಬಿಟ್ಟು ಡೇಟ್ ಕೊಡ್ತೀನಿ. ಅಷ್ಟರಲ್ಲಿ ಹತ್ತಕ್ಕೆ ಬಂದ್ರೆ ಸರಿ. ಬರದಿದ್ರೆ ನಿಮ್ಮ ಸರದಿ ಮತ್ತೆ ನಾಲ್ಕು ತಿಂಗಳು ಮುಂದೆ ಹೋಗುತ್ತೆ," ಅಂದರು. ನಾಲ್ಕು ತಿಂಗಳು! ಅಷ್ಟರಲ್ಲಿ ಇರುವುದೂ ಹರಿದು ಹೋದರೆ ಏನು ಗತಿ? ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಚೆನ್ನಾಗಿ ತಿನ್ನಬೇಕು ಅಂತ ಹೇಳಿ ಕಳಿಸಿದರು.

ನಾನು ಆ ಸಂಜೆಯೇ ನಾಲ್ಕು ದಾಳಿಂಬೆ ತಂದೆ. ಅಕ್ಕ ಅವನ್ನು ಮುಟ್ಟಲೂ ಇಲ್ಲ.

"ಎಷ್ಟು ಕೊಟ್ಟೆ?"

ಹೇಳಿದೆ.

"ಥೂ ನಿನ್ನ! ಅಷ್ಟು ದುಡ್ಡಿಗೆ ವಾರಕ್ಕಾಗೋಷ್ಟು ಮೊಟ್ಟೆ ಬರುತ್ತೆ ಕಣೇ. ಈ ಕೆಂಪು ನೋಡಿ ಮೋಸ ಹೋದ್ಯಾ?"

ಚೀಲ ಎತ್ತಿಕೊಂಡು ಸೀದಾ ಹಣ್ಣಿನವನ ಹತ್ತಿರ ಹೋಗಿ, ದಾಳಿಂಬೆ ಹಿಂದಿರುಗಿಸಿ ನಿಂಬೆಹಣ್ಣು ತಂದಳು. ಬಾಕಿ ದುಡ್ಡಿಗೆ ಮೊಟ್ಟೆ. ಹಣ್ಣಿನವನು ಪಾಪ, ಬಾಯಿ ತೆರೆಯುವಷ್ಟರಲ್ಲಿ ಇವಳು ರಸ್ತೆ ದಾಟಿಯಾಗಿತ್ತು. ಮನೆಗೆ ಬಂದು ಸೆರಗು ಸಿಕ್ಕಿಸಿಕೊಂಡು ನಮ್ಮನ್ನೆಲ್ಲ ಸಾಲಾಗಿ ನೋಡಿದಳು.

"ಕೇಳಿ. ಮನೆ ಖರ್ಚು ಒಂದು ಪೈಸೆ ಜಾಸ್ತಿ ಆಗಬಾರದು. ನನ್ನ ರಕ್ತಾನ ನಾನು ಇದೇ ಒಲೆ ಮೇಲೆ ಮಾಡ್ಕೋತೀನಿ. ಆದ್ರೆ ಇನ್ಮೇಲೆ ನನ್ನ ತಟ್ಟೆ ಮೊದಲು. ತಕರಾರಿದ್ರೆ ಈಗಲೇ ಹೇಳಿ."

ಯಾರು ತಕರಾರು ಎತ್ತುತ್ತಾರೆ? ಭಾವ ತಾವೇ ಎದ್ದು ತಟ್ಟೆ ತಂದಿಟ್ಟರು.

ಮರುದಿನದಿಂದ ಅವಳ ಯುದ್ಧ ಶುರುವಾಯಿತು. ತರಕಾರಿಯವಳು ಬೀಟ್‌ರೂಟು, ಮೂಲಂಗಿಯ ಸೊಪ್ಪು ಕತ್ತರಿಸಿ ಮೇಕೆಗೆ ಹಾಕುತ್ತಿದ್ದಳು. "ನಿನ್ನ ಮೇಕೆಗೆ ಅರ್ಧ, ನನಗರ್ಧ" ಅಂತ ಅಕ್ಕ ಒಪ್ಪಂದ ಮಾಡಿಕೊಂಡಳು. ಕೋಳಿ ಅಂಗಡಿಯಲ್ಲಿ ಜನ ಬೇಡವೆಂದು ಬಿಟ್ಟ ಲಿವರ್ ಅಗ್ಗಕ್ಕೆ ಸಿಗುತ್ತಿತ್ತು. ವಾರಕ್ಕೆ ಎರಡು ಸಲ ಅದನ್ನು ತಂದು, ಈರುಳ್ಳಿ ಮೆಣಸು ಹಾಕಿ ಹುರಿದರೆ ಇಡೀ ಬೀದಿ ಮೂಗರಳಿಸುತ್ತಿತ್ತು. ಕಡಲೆಕಾಳು, ಸೊಪ್ಪು, ಮೊಟ್ಟೆ, ಮೇಲೆ ನಿಂಬೆರಸ. ಅಕ್ಕ ಕೂತು ತಿನ್ನುವುದನ್ನು ಆಗಲೇ ನಾನು ಮೊದಲ ಸಲ ನೋಡಿದ್ದು. ಸತ್ಯ ಹೇಳುತ್ತೇನೆ, ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾನೂ ಅವಳಿಗಿಂತ ಮೊದಲು ಉಂಡು ಎದ್ದವಳೇ.

ಎರಡು ವಾರ ಕಳೆದು ಮತ್ತೆ ರಕ್ತ ಪರೀಕ್ಷೆಗೆ ಹೋದೆವು. ಒಂಬತ್ತಾದರೂ ಬಂದಿರುತ್ತದೆ ಅಂತ ನಾನು. ಬಂದದ್ದು ಏಳು ಪಾಯಿಂಟ್ ಒಂಬತ್ತು.

"ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಅಂದರು ಡಾಕ್ಟರಮ್ಮ.

ಅಕ್ಕನ ಮುಖ ಸಣ್ಣಗಾಯಿತು. ನನಗೆ ತಡೆಯಲಾಗಲಿಲ್ಲ. "ಏನ್ ಮೇಡಂ ಹೀಗಂತೀರಾ? ಒಂದು ದಿನ ತಪ್ಪಿಸಿಲ್ಲ. ಅವಳು ತಿನ್ನೋ ಸೊಪ್ಪಿಗೆ ಮೇಕೆ ಕೂಡ ಸೊರಗಿ ಹೋಗಿದೆ!" ಅಂತ ಕೂಗಿಬಿಟ್ಟೆ. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಒಳಗೆ ಇಣುಕಿದರು.

ಮೂಲೆಯಲ್ಲಿ ಚೀಟಿ ಬರೆಯುತ್ತಿದ್ದ ವಯಸ್ಸಾದ ನರ್ಸಮ್ಮ ತಲೆ ಎತ್ತಿದರು. "ಅಮ್ಮಾ, ಮಾತ್ರೆ ಯಾವುದರ ಜೊತೆ ನುಂಗ್ತೀರಿ?"

"ಇನ್ಯಾವುದರ ಜೊತೆ? ಟೀ ಜೊತೆ," ಅಂದಳು ಅಕ್ಕ. "ಅಂಗಡಿಯಲ್ಲಿ ಕೈಗೆ ಸಿಗೋದೇ ಅದು."

"ಊಟ ಆದ ಮೇಲೆ?"

"ಟೀ."

"ಊಟದ ಮಧ್ಯೆ?"

"ಪ್ರತಿ ಪಾತ್ರೆ ಇಳಿಸಿದಾಗ ಎರಡು ಗುಟುಕು ರುಚಿ ನೋಡ್ಬೇಕಲ್ಲ, ಸಕ್ಕರೆ ಸರಿ ಇದೆಯಾ ಅಂತ. ದಿನಕ್ಕೆ ಇಪ್ಪತ್ತು ಪಾತ್ರೆ ಆಗುತ್ತೆ."

ನರ್ಸಮ್ಮ ಹಣೆ ಚಚ್ಚಿಕೊಂಡರು. ಟೀ ಕುಡಿದರೆ ಸೊಪ್ಪು, ಕಾಳು, ಮಾತ್ರೆಯ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಊಟಕ್ಕೂ ಟೀಗೂ ಮಧ್ಯೆ ಕಡಿಮೆಯೆಂದರೂ ಒಂದು ಗಂಟೆ ಬಿಡಬೇಕಂತೆ.

"ಅಯ್ಯೋ ನನ್ನ ಕರ್ಮವೇ!" ಅಂದಳು ಅಕ್ಕ. "ಎರಡು ವಾರ ಹೊಳೇಲಿ ಹುಣಸೆಹಣ್ಣು ತೊಳೆದೆನಲ್ಲ!"

ವಾಪಸ್ ಬಂದವಳೇ ಅಂಗಡಿಯ ಬಾಗಿಲಲ್ಲಿ ನಿಂತು ಭಾವನಿಗೆ ನರ್ಸಮ್ಮನ ಮಾತನ್ನೆಲ್ಲ ಒಪ್ಪಿಸಿ ಹೇಳಿದಳು: "ರೀ, ಇವತ್ತಿಂದ ಟೀ ನೀವು ಮಾಡಿ. ನಾನು ಆಪರೇಷನ್ ಆಗೋವರೆಗೆ ಒಂದು ಹನಿ ಮುಟ್ಟಲ್ಲ."

ಭಾವನ ಕೈಯಿಂದ ಲೋಟ ಜಾರಿತು. ಹದಿನೆಂಟು ವರ್ಷ ಅವರು ಇದ್ದಿಲು ಹಾಕಿದ್ದಾರೆ, ಲೋಟ ತೊಳೆದಿದ್ದಾರೆ, ಬಸ್ಸಿನ ಕಿಟಕಿಗೆ ಟೀ ಕೊಟ್ಟು ಬಂದಿದ್ದಾರೆ. ಆದರೆ ಟೀಪುಡಿಯ ಡಬ್ಬಿ ಅಕ್ಕನದು. "ನನಗೆ ಬರಲ್ವೇ. ಗಂಟೆ ಬಿಟ್ಟು ಕುಡಿದ್ರೆ ಸಾಕು ಅಂದಿದ್ದಾರಲ್ಲ?" ಅಂದರು.

"ಪಾತ್ರೆ ಮೇಲೆ ಪಾತ್ರೆ ಇಳಿಯೋ ಕಡೆ ಗಂಟೆ ಎಲ್ಲಿಂದ ತರಲಿ? ಬರದಿದ್ರೆ ಕಲೀರಿ. ನಾನು ತಿನ್ನೋದು ಕಲೀಲಿಲ್ವಾ?"

ಮೊದಲ ದಿನ ಬಸ್ ಡ್ರೈವರ್ ಒಬ್ಬ ಒಂದು ಗುಟುಕು ಕುಡಿದು, "ಏನಣ್ಣ, ಪಾತ್ರೆ ತೊಳೆದ ನೀರಾ?" ಅಂದ. ಭಾವ ಮುಖ ಊದಿಸಿಕೊಂಡು ಒಳಗೆ ಬಂದರು. ಟೀ ಇಲ್ಲದೆ ತಲೆ ಸಿಡಿಯುತ್ತಿದ್ದ ಅಕ್ಕ ಹಣೆಗೆ ಬಟ್ಟೆ ಬಿಗಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಹಬೆಯ ವಾಸನೆ ಹಿಡಿದೇ "ಇನ್ನೊಂದು ಕುದಿ ಬರಲಿ", "ಪುಡಿ ಸಾಲದು" ಅನ್ನುತ್ತಿದ್ದಳು. ಸಕ್ಕರೆಯ ಹದ ಮಾತ್ರ ವಾಸನೆಯಿಂದ ತಿಳಿಯುವುದಿಲ್ಲವಲ್ಲ, ಅದರಲ್ಲಿ ಭಾವ ಒಮ್ಮೆ ಅತ್ತ, ಒಮ್ಮೆ ಇತ್ತ ಎಡವುತ್ತಲೇ ಇದ್ದರು. ಮೂರನೆಯ ದಿನ ಅವಳ ಸಂಕಟ ನೋಡಲಾರದೆ ನಾನೇ ಅರ್ಧ ಲೋಟ ಹಿಡಿದೆ. "ಒಂದೇ ಗುಟುಕು, ಏನೂ ಆಗಲ್ಲ ಕುಡಿ."

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. "ನೀನು ನನ್ನ ತಂಗಿನಾ, ಶತ್ರುನಾ? ಹೋಗು, ನಿನ್ನ ಮಿಷನ್ ತುಳಿ."

ಹೋದೆ. ಅಳುತ್ತಾ ಎರಡು ತೋಳನ್ನು ತಿರುವುಮುರುವು ಹೊಲಿದೆ, ಆಮೇಲೆ ಬಿಚ್ಚಿದೆ.

ನಾಲ್ಕು ವಾರ ಅದೇ ಸೊಪ್ಪು, ಅದೇ ಕಾಳು, ಅದೇ ಲಿವರ್. ಮಾತ್ರೆ ಮಾತ್ರ ನಿಂಬೆನೀರಿನ ಜೊತೆ. ಮಧ್ಯೆ ಒಂದು ಸಲ ಮುಟ್ಟಾಗಿ ಹೆಚ್ಚು ರಕ್ತ ಹೋಯಿತು. ಅಕ್ಕ ತಟ್ಟೆಗೆ ಇನ್ನೊಂದು ಸೌಟು ಬಡಿಸಿಕೊಂಡಳು. "ಹೋಗೋದು ಹೋಗ್ಲಿ. ಹಾಕೋದು ನನ್ನ ಕೈಲಿದೆಯಲ್ಲ," ಅಂದಳು.

ಆರನೆಯ ವಾರ ರಿಪೋರ್ಟು ಕೈಗೆ ಬಂದಾಗ ನನಗೆ ನೋಡುವ ಧೈರ್ಯವಿರಲಿಲ್ಲ. ನರ್ಸಮ್ಮನೇ ಓದಿದರು: "ಹತ್ತು ಪಾಯಿಂಟ್ ಒಂದು." ಆಸ್ಪತ್ರೆ ಅನ್ನುವುದನ್ನೂ ಮರೆತು ಅವರನ್ನು ತಬ್ಬಿಕೊಂಡೆ. ಅಕ್ಕ ಅಲುಗಲಿಲ್ಲ. "ಡೇಟ್ ಗಟ್ಟಿ ತಾನೇ?" ಅಂತಷ್ಟೇ ಕೇಳಿದಳು.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ದಿನ ನಾನೇ ಅಡುಗೆ ಮಾಡಿ, ಮೊದಲ ತಟ್ಟೆ ಅವಳಿಗೆ ಕೊಟ್ಟೆ. ಸಾರಿಗೆ ಉಪ್ಪು ಕಡಿಮೆ ಅಂತ ಬೈದು, ಎಲ್ಲವನ್ನೂ ಉಂಡಳು. ಅವಳು ಕೈ ತೊಳೆಯುವುದನ್ನೇ ಕಾಯುತ್ತಿದ್ದ ಭಾವ ಕೆಳಗಿನಿಂದ ಓಡಿ ಬಂದರು. ಕೈಯಲ್ಲಿ ಹಬೆಯಾಡುವ ಲೋಟ. ಒಂದು ತಿಂಗಳ ಮೇಲಾಯಿತು ಅವರು ಟೀ ಮಾಡತೊಡಗಿ. ಈಗ ಡ್ರೈವರುಗಳು ಎರಡನೇ ಲೋಟ ಕೇಳುತ್ತಾರೆ. ಆದರೂ ಅಕ್ಕ ಕುಡಿದು ಹೇಳದ ಹೊರತು ಅವರಿಗೆ ಸಮಾಧಾನವಿಲ್ಲ.

"ಹೇಗಿದೆ ನೋಡಿ ಹೇಳು," ಅಂದರು.

ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣು ಮುಚ್ಚಿ ಹಬೆಯನ್ನು ಮೂಗಿನ ತುಂಬ ಎಳೆದುಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ನೋಡಿದೆ. ಆಮೇಲೆ ಗೋಡೆಯ ಗಡಿಯಾರದ ಕಡೆ ತಿರುಗಿದಳು.

"ಘಮ ಚೆನ್ನಾಗಿದೆ ರೀ," ಅಂದಳು. "ಊಟ ಆಗಿ ಐದು ನಿಮಿಷ ಆಯ್ತು ಅಷ್ಟೆ. ಮುಚ್ಚಿಡಿ, ಒಂದು ಗಂಟೆ ಬಿಟ್ಟು ಕುಡೀತೀನಿ."