ಸೊಳ್ಳೆ ಔಷಧಿಗೆ ಸಾಯದ ನೊಣಗಳು

ನೊಣ ಸಾಕುವುದಕ್ಕೆ ಎಂ.ಎಸ್ಸಿ. ಯಾಕೆ ಬೇಕು ಎಂದು ಐವತ್ತರ ದಶಕದ ಕೊನೆಯಲ್ಲಿ ನನ್ನನ್ನು ಕೇಳದವರಿಲ್ಲ. ಬೆಲ್ಲದ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತವಲ್ಲ ಎಂದು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಕೊಳೆತ ಬಾಳೆಹಣ್ಣಿಗೆ ಮುತ್ತುವ ಕಿರುನೊಣಗಳಲ್ಲಿ ತಂದೆತಾಯಿಯ ಗುಣ ಮರಿಗಳಿಗೆ ಹೇಗೆ ಇಳಿಯುತ್ತದೆ ಎಂದು ನೋಡುವುದು ನನ್ನ ಸಂಶೋಧನೆ. ವಿಭಾಗದ ಮುಖ್ಯಸ್ಥರ ಕಣ್ಣಿಗೆ ಅದು ಹೆಂಗಸಿನ ಹಟ. ಬೇಸಿಗೆ ರಜೆಗೆ ಅವರು ಲ್ಯಾಬಿಗೆ ಬೀಗ ಜಡಿದು ಕೀಲಿಕೈಯನ್ನೂ ಕೊಡಲಿಲ್ಲ.

"ನೋಡಮ್ಮಾ, ರಜೆ ಮುಗಿದ ಮೇಲೆ ನಿನ್ನ ನೊಣದ ತಳಿ ನನಗೆ ತೋರಿಸ್ಬೇಕು. ಇಲ್ಲಾಂದ್ರೆ ಈ ರಿಸರ್ಚು ಗಿಸರ್ಚು ಬಿಟ್ಟು ತೆಪ್ಪಗೆ ಪಾಠ ಮಾಡ್ಕೊಂಡಿರು," ಎಂದರು.

ತೋರಿಸಿಯೇ ತೀರುತ್ತೇನೆ ಎಂದುಕೊಂಡು ಬಾಟಲಿಗಳನ್ನೆಲ್ಲ ಹುಲ್ಲು ತುಂಬಿದ ಬುಟ್ಟಿಗಳಲ್ಲಿಟ್ಟು ರೈಲು ಹತ್ತಿ ಭದ್ರಾವತಿಗೆ ಬಂದೆ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ, ನಮ್ಮದು ಕ್ವಾರ್ಟರ್ಸಿನ ಮನೆ. ಇದ್ದ ಎರಡು ಕೋಣೆಗಳಲ್ಲಿ ಒಂದು ನೊಣಗಳಿಗೆ ಹೋಯಿತು. ಒಂದು ಸಾಲಿನ ಬಾಟಲಿಗಳಲ್ಲಿ ಹೊಳಲೂರಿನ ಆಚೆ ಮಾವಿನ ತೋಪಿನಲ್ಲಿ ಹಿಡಿದವು, ಇನ್ನೊಂದರಲ್ಲಿ ಭದ್ರಾವತಿ ಹಳೇನಗರದ ಬಾಳೆಹಣ್ಣಿನ ಮಂಡಿಯವು. ಅಮ್ಮ ರವೆ, ಬೆಲ್ಲ ಹಾಕಿ ಅವಕ್ಕೆ ಗಂಜಿ ಕಾಯಿಸಿಕೊಡುತ್ತಿದ್ದಳು. ಕೋಶದಿಂದ ಹೊರಬಿದ್ದ ಹೆಣ್ಣುನೊಣವನ್ನು ಗಂಡು ಸೇರುವ ಮೊದಲೇ ಬೇರೆ ಮಾಡಬೇಕು, ಇಲ್ಲವಾದರೆ ಮರಿ ಯಾರದ್ದೆಂದು ತಿಳಿಯುವುದಿಲ್ಲ. ಬೆಳಗಾಗುತ್ತಲೇ ನಾನು ಆ ಕೆಲಸಕ್ಕೆ ಕೂರುತ್ತಿದ್ದೆ.

"ಮಾರಾಯ್ತಿ, ನಿನಗೆ ಗಂಡು ಹುಡುಕಿ ನಮಗೆ ಸಾಕಾಗಿದೆ. ನೀನು ನೋಡಿದ್ರೆ ಇವಕ್ಕೂ ಗಂಡು ತಪ್ಪಿಸ್ತಾ ಕೂತಿದೀಯ!" ಎಂದು ಅಮ್ಮ ನಗುತ್ತಿದ್ದಳು.

ಒಂದು ದಿನ ಹೊಸ ಬಾಟಲಿ ತರಲು ಶಿವಮೊಗ್ಗಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಗೋಡೆಗಳ ಮೇಲೆಲ್ಲ ಬಿಳಿ ಕಲೆ, ಮನೆತುಂಬ ಡಿ.ಡಿ.ಟಿ. ವಾಸನೆ. ಮಲೇರಿಯಾದವರು ಬಂದು ಔಷಧಿ ಹೊಡೆದು ಹೋಗಿದ್ದರು. ಅವರು ಹೇಳಿದಂತೆ ಅಮ್ಮ ಪಾತ್ರೆಪಡಗ, ಅಕ್ಕಿ ಡಬ್ಬ, ಉಪ್ಪಿನಕಾಯಿ ಜಾಡಿ ಎಲ್ಲವನ್ನೂ ಅಂಗಳಕ್ಕೆ ಸಾಗಿಸಿದ್ದಳು, ನೊಣದ ಬಾಟಲಿಗಳನ್ನು ಮಾತ್ರ ಒಳಗೇ ಬಿಟ್ಟಿದ್ದಳು. ಸಾಲದ್ದಕ್ಕೆ, ಸೆಕೆಗೆ ಪಾಪ ಉಸಿರುಕಟ್ಟೀತೆಂದು ಬಾಟಲಿಗಳ ಬಾಯಿಗೆ ತುರುಕಿದ್ದ ಹತ್ತಿಯನ್ನು ತೆಗೆದು ತೆಳ್ಳನೆಯ ಪಂಚೆ ಬಟ್ಟೆ ಕಟ್ಟಿದ್ದಳು.

"ಅದು ಸೊಳ್ಳೆ ಔಷಧಿ ಅಂದ್ರು ಕಣೇ. ನೊಣಕ್ಕೇನಾಗತ್ತೆ ಅಂದ್ಕೊಂಡೆ," ಎಂದಳು.

ನಾನು ಕೂಗಾಡಿದೆ. ನನ್ನ ಎರಡು ವರ್ಷದ ಕೆಲಸವನ್ನು ಮಣ್ಣುಪಾಲು ಮಾಡಿದೆ ಎಂದೆ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದಳು. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮರುದಿನ ಸತ್ತವನ್ನು ಬಿಸಾಡಲು ಕೂತೆ. ಹೊಳಲೂರಿನವು ಒಂದೂ ಉಳಿದಿರಲಿಲ್ಲ. ಆದರೆ ಮಂಡಿಯ ಬಾಟಲಿಗಳಲ್ಲಿ ಅಲ್ಲೊಂದು ಇಲ್ಲೊಂದು ನೊಣ ಏನೂ ಆಗದವರ ಹಾಗೆ ಗಾಜಿನ ಮೇಲೆ ಓಡಾಡುತ್ತಿತ್ತು. ಹಳೇನಗರಕ್ಕೆ ವರ್ಷವರ್ಷವೂ ಔಷಧಿ ಹೊಡೆಯುತ್ತಿದ್ದರು, ಊರಾಚೆಯ ಮಾವಿನ ತೋಪಿಗೆ ಯಾರು ಹೊಡೆಯುತ್ತಾರೆ? ಹಾಗಾದರೆ ಈ ಸಾಯದ ಗುಣವೂ ಮರಿಗಳಿಗೆ ಇಳಿದೀತೇ?

ಹೊಳಲೂರಿಗೆ ಹೋಗಿ ಮತ್ತೆ ನೊಣ ಹಿಡಿದು ತಂದು, ಉಳಿದವುಗಳ ಜೊತೆ ಕೂಡಿಸಿದೆ. ಮಲೇರಿಯಾದವರನ್ನು ಕಾಡಿ ಬೇಡಿ ಒಂದು ಪೊಟ್ಟಣ ಪುಡಿ ಪಡೆದೆ. ರಜೆ ಮುಗಿದಾಗ ಬಾಟಲಿಗಳನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ.

"ಹಳೇ ತಳಿ ಎಲ್ಲಿ?" ಎಂದರು.

"ಸತ್ತವು ಸಾರ್. ಸಾಯದೆ ಉಳಿದವನ್ನ ತಂದಿದೀನಿ."

"ಇದಕ್ಕೆಲ್ಲ ಲ್ಯಾಬಿನಲ್ಲಿ ಜಾಗ ಇಲ್ಲ. ತಗೊಂಡು ಹೋಗಿ ಬಿಸಾಕು."

"ಬಿಸಾಕಲ್ಲ ಸಾರ್," ಎಂದೆ. ಪಾಠ ಶಿವಮೊಗ್ಗದಲ್ಲಿ, ನೊಣ ಭದ್ರಾವತಿಯಲ್ಲಿ, ದಿನಾ ರೈಲು. ತಲೆಮಾರಿನ ಮೇಲೆ ತಲೆಮಾರು ಮರಿಗಳನ್ನು ಪುಡಿಗೆ ಒಡ್ಡಿದೆವು. ಒಡ್ಡಿದೆವು ಎಂದದ್ದು ಸರಿ, ಹಗಲು ಬಾಟಲಿ ಕಾಯುತ್ತಿದ್ದವಳು ಅಮ್ಮ. ಗುಣ ಮರಿಗಳಿಗೆ ಇಳಿಯುತ್ತಿತ್ತು. ಅನುಮಾನಕ್ಕೆ ಎಡೆಯಿಲ್ಲದಷ್ಟು ಇಳಿಯುತ್ತಿತ್ತು.

ಪ್ರಬಂಧ ಟೈಪಾಗಿ ಬಂದ ದಿನ ಮುಖ್ಯಸ್ಥರು ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಪೆನ್ನು ತೆಗೆದು ನನ್ನ ಹೆಸರಿನ ಮೇಲೆ ತಮ್ಮ ಹೆಸರು ಬರೆದರು.

"ಇದು ಪದ್ಧತಿ ಕಣಮ್ಮಾ. ವಿಷಯ ಕೊಟ್ಟವರ ಹೆಸರು ಮೊದಲು ಬರ್ಬೇಕು."

ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು ಆ ಹೆಸರನ್ನು ಹೊಡೆದುಹಾಕಿದೆ.

"ಪದ್ಧತಿ ಹಾಗಿದ್ರೆ ಸರಿ ಸಾರ್. ವಿಷಯ ಕೊಟ್ಟಿದ್ದು ನಮ್ಮಮ್ಮ," ಎಂದೆ.