ಕಸ್ತೂರಿ ಕೊಟ್ಟ ರಕ್ತ

ದೆವ್ವ ಕಂಡವರ ಕತೆಗಳನ್ನು ನಾನು ಯಾವತ್ತೂ ಪೂರ್ತಿ ಕೇಳಿದವಳಲ್ಲ. ಸಿಂದಗಿಯ ನಮ್ಮ ಓಣಿಯಲ್ಲಿ ಇಂಥ ಕತೆಗಳಿಗೆ ಬರವಿರಲಿಲ್ಲ. ಯಾರಾದರೂ ಶುರು ಮಾಡಿದರೆ ನಡುವೆಯೇ ಬಾಯಿ ಹಾಕಿ, ಆಗ ನಿಮಗೆ ಜ್ವರ ಇತ್ತೇ, ಬೆಳಕಿತ್ತೇ, ಜೊತೆಗೆ ಯಾರಿದ್ದರು ಎಂದೆಲ್ಲ ಕೇಳಿ ಅವರ ಹುರುಪು ಇಳಿಸಿಬಿಡುತ್ತಿದ್ದೆ. ಈಗ ನಾನು ಬರೆಯುತ್ತಿರುವುದನ್ನು ಓದಿ ನೀವೂ ಅದೇ ಪ್ರಶ್ನೆ ಕೇಳಬಹುದು. ಕೇಳಲೂ ಬೇಕು. ನನಗೆ ಜ್ವರ ಇರಲಿಲ್ಲ. ಮಟಮಟ ಮಧ್ಯಾಹ್ನ. ಜೊತೆಗೆ ನನ್ನ ಸಹೋದ್ಯೋಗಿ ಮೈಬೂಬ ಇದ್ದ. ನಾನು ಹೇಳುವುದರಲ್ಲಿ ಅರ್ಧವನ್ನು ಕಂಡದ್ದು ನನ್ನ ಕಣ್ಣು, ಇನ್ನರ್ಧವನ್ನು ಹೇಳಿದ್ದು ಕಂಪ್ಯೂಟರ್. ಎರಡರಲ್ಲಿ ಯಾವುದನ್ನು ನಂಬದಿರಲಿ ಎಂಬುದೇ ನನಗೆ ತಿಳಿಯದಾಗಿದೆ.

ವಿಜಯಪುರದ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಕೆಲವು ಮನೆತನಗಳಲ್ಲಿ ಹರೆಯದ ಹುಡುಗ ಹುಡುಗಿಯರಿಗೆ ಕೈ ನಡುಗುವ, ಮಾತು ತೊದಲುವ, ನಡಿಗೆ ತಪ್ಪುವ ಕಾಯಿಲೆ ಬರುತ್ತಿತ್ತು. ಎಲ್ಲರದೂ ಒಂದೇ ಕಾಯಿಲೆಯೋ, ಬೇರೆಬೇರೆಯೋ ಗೊತ್ತಿರಲಿಲ್ಲ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ವಾಡಿಕೆ. ಹಾಗಾಗಿ ವಂಶದಲ್ಲಿ ಸದ್ದಿಲ್ಲದೆ ಅಡಗಿ ಕುಳಿತ ದೋಷ ಎಂದೋ ಒಂದು ದಿನ ಎರಡೂ ಕಡೆಯಿಂದ ಬಂದು ಒಂದೇ ಮಗುವಿನಲ್ಲಿ ಕೂಡುತ್ತದೆ. ನಾವು ಅಂಥ ಮನೆಗಳಿಗೆ ಹೋಗಿ ಎಲ್ಲರ ರಕ್ತ ತಂದು, ಅದರೊಳಗಿನ ವಂಶವಾಹಿಗಳನ್ನು ಓದಿಸಿ, ತಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದೆವು.

ಹುಡುಕುವುದು ಸುಲಭವಲ್ಲ. ಒಬ್ಬೊಬ್ಬ ಮನುಷ್ಯನಲ್ಲೂ ಸಾವಿರಾರು ವ್ಯತ್ಯಾಸಗಳು ಇರುತ್ತವೆ. ಬಹುಪಾಲು ನಿರುಪದ್ರವಿಗಳು. ಇದಕ್ಕೆಂದೇ ನಮ್ಮಲ್ಲಿ ಒಂದು ಪಾಥ್‌ವೇ ಸಾಫ್ಟ್‌ವೇರ್ ಇತ್ತು. ಶರೀರದೊಳಗೆ ಯಾವ ವಸ್ತು ಎಲ್ಲಿಂದ ಎಲ್ಲಿಗೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬ ದಾರಿಗಳ ನಕ್ಷೆಯನ್ನು ಅದು ತೆರೆಯ ಮೇಲೆ ಬಿಡಿಸುತ್ತದೆ. ಬಸ್ಸುಗಳ ನಕ್ಷೆಯ ಹಾಗೆ ಅಂದುಕೊಳ್ಳಿ. ಸಿಂದಗಿ ಸ್ಟ್ಯಾಂಡ್ ಮುಚ್ಚಿದರೆ ವಿಜಯಪುರದಿಂದ ಕಲಬುರಗಿಗೆ ಹೋಗುವವರು ಎಲ್ಲಿ ಸಿಕ್ಕಿಬೀಳುತ್ತಾರೆ ಎಂದು ನಕ್ಷೆ ನೋಡಿದವರಿಗೆ ತಿಳಿಯುತ್ತದಲ್ಲ, ಹಾಗೆಯೇ ಕೆಟ್ಟ ವಂಶವಾಹಿ ಯಾವ ದಾರಿಯನ್ನು ಕಟ್ಟಿಹಾಕಿದೆ ಎಂದು ಇದು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಅದಕ್ಕೆ ಮನುಷ್ಯರ ಹೆಸರು, ಊರು, ಕಷ್ಟ ಯಾವುದೂ ಗೊತ್ತಿಲ್ಲ. ಕೊಟ್ಟದ್ದನ್ನು ಲೆಕ್ಕ ಹಾಕುತ್ತದೆ, ಅಷ್ಟೆ.

ಇಂಗಳೇಶ್ವರದ ಗೌಡರ ಮನೆಗೆ ನಾವು ಹೋದದ್ದು ಬೇಸಿಗೆಯಲ್ಲಿ. ಅವರ ಮಗಳು ಸುಜಾತಾಳಿಗೆ ಆಗ ಇಪ್ಪತ್ತರ ಆಸುಪಾಸು. ಕಾಲೇಜು ಬಿಟ್ಟಿದ್ದಳು. ನೀರಿನ ಲೋಟ ಹಿಡಿದರೆ ಅರ್ಧ ನೀರು ನೆಲಕ್ಕೆ. ಮಾತು ಎಷ್ಟು ತೊದಲುತ್ತಿತ್ತೆಂದರೆ, ಅವಳು ಹೇಳಿದ್ದನ್ನು ತಾಯಿ ನೀಲಮ್ಮ ನಮಗೆ ಮತ್ತೊಮ್ಮೆ ಹೇಳುತ್ತಿದ್ದರು. ಕಲಬುರಗಿ, ಸೋಲಾಪುರ ಎಲ್ಲ ತೋರಿಸಿ ಆಗಿತ್ತು. ಒಬ್ಬರು ನರ ಎಂದಿದ್ದರು, ಇನ್ನೊಬ್ಬರು ಮನಸ್ಸು ಎಂದಿದ್ದರು. ಪಡಸಾಲೆಯಲ್ಲಿ ಚಾಪೆ ಹಾಸಿ ಗೌಡರು, ನೀಲಮ್ಮ, ಸುಜಾತಾ, ಅವಳ ಅಣ್ಣ, ನಾಲ್ವರ ರಕ್ತವನ್ನೂ ಮೈಬೂಬ ತೆಗೆದ. ಅವನು ನಮ್ಮ ಟೆಕ್ನಿಶಿಯನ್. ತಾಳ್ಮೆಯ ಮನುಷ್ಯ. ಸುಜಾತಾಳ ನಡುಗುವ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಹೊಲದಲ್ಲಿ ಏನು ಬೆಳೆ ಎಂದು ಗೌಡರನ್ನು ಮಾತಿಗೆಳೆಯುತ್ತ ಸೂಜಿ ಹಾಕಿದ.

ಊಟ ಮಾಡಿಕೊಂಡೇ ಹೋಗಬೇಕೆಂದು ನೀಲಮ್ಮ ಒಳಗೆ ರೊಟ್ಟಿ ಬಡಿಯಲು ಕುಳಿತರು. ನಾವಿಬ್ಬರು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಜೀಪಿನ ಹತ್ತಿರ ಬಂದೆವು. ಮೈಬೂಬ ನಳಿಗೆಗಳನ್ನು ಐಸಿನ ಡಬ್ಬಿಯಲ್ಲಿ ಜೋಡಿಸುತ್ತಿದ್ದ. ಆಗ ದನದ ಕೊಟ್ಟಿಗೆಯ ಕಡೆಯಿಂದ ಒಬ್ಬ ಹುಡುಗಿ ಬಂದಳು. ಸುಜಾತಾಳಿಗಿಂತ ತುಸು ದೊಡ್ಡವಳಂತೆ ಕಂಡಳು, ಮುಖದಲ್ಲಿ ಅವಳದೇ ಹೋಲಿಕೆ. ತಿಳಿಹಸಿರು ಸೀರೆ.

"ನಂದೂ ರಕ್ತ ತಗೋರಿ" ಎಂದಳು.

"ನೀವು ಯಾರು?" ಎಂದೆ.

"ಇದ ಮನಿಯಾಕಿ ರೀ. ಸುಜಾತಾನ ಅಕ್ಕ, ಕಸ್ತೂರಿ. ನನಗೂ ಹಂಗ ಐತಿ."

ನನಗೆ ಸಂತೋಷವೇ ಆಯಿತು. ಗಂಡನ ಮನೆಯಿಂದ ತವರಿಗೆ ಬಂದಿರಬೇಕು, ಕಾಯಿಲೆಯ ಸುದ್ದಿ ಅಲ್ಲಿ ಗೊತ್ತಾಗಬಾರದೆಂದು ಎಲ್ಲರೆದುರು ಬಂದಿಲ್ಲ ಎಂದುಕೊಂಡೆ. ಇಂಥದ್ದನ್ನು ನಾವು ಬಹಳ ಮನೆಗಳಲ್ಲಿ ನೋಡಿದ್ದೆವು. ಅವಳು ಜೀಪಿನ ಹಿಂದಿನ ಹಲಗೆಯ ಮೇಲೆ ಕುಳಿತು ಕೈ ಚಾಚಿದಳು. ಕೈ ಸಣ್ಣಗೆ ನಡುಗುತ್ತಿತ್ತು. ಮೈಬೂಬ ರಕ್ತ ತೆಗೆದ, ನಳಿಗೆಯ ಮೇಲೆ ಹೆಸರು ಬರೆದ. ಅವಳ ಕಣ್ಣಿನ ಕಪ್ಪಿನ ಸುತ್ತ ಜೇನಿನ ಬಣ್ಣದ ಒಂದು ಅಂಚು ಇತ್ತು. ಚೆಂದದ ಕಣ್ಣು ಅನ್ನಿಸಿತು ನನಗೆ. ಒಪ್ಪಿಗೆಯ ಸಹಿಗಾಗಿ ಹಾಳೆ ತೆಗೆಯಲು ನಾನು ಜೀಪಿನ ಮುಂದಿನ ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಅವಳಿರಲಿಲ್ಲ. ಮೈಬೂಬ ಡಬ್ಬಿಯ ಮುಚ್ಚಳ ಹಾಕುತ್ತಿದ್ದ, ಅವನೂ ಗಮನಿಸಿರಲಿಲ್ಲ. ಊಟದ ಹೊತ್ತಿಗೆ ಅವಳು ಕಾಣಲಿಲ್ಲ. ಗುಟ್ಟಾಗಿ ಬಂದವಳ ಹೆಸರನ್ನು ಎಲ್ಲರೆದುರು ಎತ್ತುವುದು ಬೇಡ, ಸಹಿ ಮುಂದಿನ ಸಲ ಆಗುತ್ತದೆ ಎಂದು ಸುಮ್ಮನಾದೆ.

ಕೆಲವು ತಿಂಗಳಾದ ಮೇಲೆ ಆ ಮನೆಯ ಮಾಹಿತಿ ನನ್ನ ಕೈಸೇರಿತು. ಸುಜಾತಾಳ ಮಾದರಿ ಕೆಟ್ಟಿತ್ತು. ಡಿಎನ್ಎ ಚೂರುಚೂರಾಗಿ ಓದಲು ಬಂದಿರಲಿಲ್ಲ. ಬೇಸಿಗೆಯಲ್ಲಿ ಹೀಗಾಗುವುದುಂಟು. ಉಳಿದವರದು ಚೆನ್ನಾಗಿತ್ತು, ಕಸ್ತೂರಿಯದಂತೂ ಎಲ್ಲರಿಗಿಂತ ಸ್ವಚ್ಛ. ಇವಳಿಗೂ ಕಾಯಿಲೆ ಇದೆಯಲ್ಲ, ಇವಳಿಂದಲೇ ನೋಡೋಣ ಎಂದು ಅವಳ ಮಾಹಿತಿಯನ್ನು ಸಾಫ್ಟ್‌ವೇರಿಗೆ ಕೊಟ್ಟು ಚಹಾ ಕುಡಿಯಲು ಹೋದೆ.

ಬಂದು ನೋಡಿದರೆ ತೆರೆಯ ಮೇಲೆ ಯಕೃತ್ತಿನ ನಕ್ಷೆ ಇತ್ತು. ನಾವು ಅದುವರೆಗೆ ಮಿದುಳಿನ ದಾರಿಗಳನ್ನೇ ಹುಡುಕುತ್ತ ಕುಳಿತಿದ್ದೆವು. ಊಟದಲ್ಲಿ ಬರುವ ತಾಮ್ರವನ್ನು ಯಕೃತ್ತು ಪಿತ್ತರಸದ ಜೊತೆ ಹೊರಗೆ ಹಾಕುತ್ತದೆ. ಆ ಹೊರಬಾಗಿಲು ಕೆಂಪಾಗಿತ್ತು. ಅದನ್ನು ನಡೆಸುವ ವಂಶವಾಹಿಯ ಎರಡು ಪ್ರತಿಗಳಲ್ಲಿ ತಂದೆಯಿಂದ ಬಂದದ್ದೂ ಕೆಟ್ಟಿತ್ತು, ತಾಯಿಯಿಂದ ಬಂದದ್ದೂ ಕೆಟ್ಟಿತ್ತು. ಹೊರಹೋಗದ ತಾಮ್ರ ಮೊದಲು ಯಕೃತ್ತಿನಲ್ಲಿ, ಆಮೇಲೆ ಮಿದುಳಿನಲ್ಲಿ, ಕಣ್ಣಿನ ಅಂಚಿನಲ್ಲಿ ಶೇಖರವಾಗುತ್ತದೆ. ಕಣ್ಣಿನಲ್ಲಿ ಅದು ಕಂದು ಉಂಗುರದ ಹಾಗೆ ಕಾಣುತ್ತದೆ. ಬೇವಿನ ಮರದ ಕೆಳಗೆ ನೋಡಿದ ಆ ಕಣ್ಣುಗಳು ನೆನಪಾಗಿ ನಾನು ಕುರ್ಚಿಯಿಂದ ಎದ್ದು ನಿಂತೆ.

ಇದು ವಿಲ್ಸನ್ ಕಾಯಿಲೆ. ಇದರ ವಿಶೇಷ ಏನೆಂದರೆ ಇದಕ್ಕೆ ಮದ್ದಿದೆ. ತಡವಾದರೆ ಮಾತ್ರ ಇಲ್ಲ. ನಮ್ಮ ಜೊತೆಗಿದ್ದ ನರರೋಗ ವೈದ್ಯರಿಗೆ ಆಗಲೇ ಫೋನು ಮಾಡಿದೆ. ಆ ವಾರವೇ ಸುಜಾತಾಳನ್ನು ಕರೆಸಿದರು. ಅವಳ ಕಣ್ಣಿನಲ್ಲಿ ಉಂಗುರ ಇನ್ನೂ ತೆಳುವಾಗಿತ್ತು, ದೀಪ ಹಿಡಿದು ನೋಡಿದ ಮೇಲೆಯೇ ಕಂಡದ್ದು. ರಕ್ತ, ಮೂತ್ರ ಎರಡರ ಪರೀಕ್ಷೆಯಲ್ಲೂ ಅನುಮಾನ ಉಳಿಯಲಿಲ್ಲ. ಮಾತ್ರೆ ಶುರುವಾಯಿತು.

ಅಂದು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಗೌಡರೂ ನೀಲಮ್ಮನೂ ಕುಳಿತಿದ್ದರು. ಗುಣವಾಗುವ ಕಾಯಿಲೆ ಎಂದು ಕೇಳಿ ಗೌಡರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಇದೇ ಸಮಯವೆಂದು ನಾನು ಮೆಲ್ಲಗೆ ಹೇಳಿದೆ:

"ಗೌಡ್ರ, ದೊಡ್ಡ ಮಗಳನ್ನೂ ಲಗೂ ಕರಕೊಂಡು ಬರ್ರಿ. ಅವರಿಗೂ ಇದ ಐತಿ. ಇವರಿಗಿಂತ ಜಾಸ್ತಿ ಆದಂಗ ಕಾಣ್ತೈತಿ."

"ಯಾವ ದೊಡ್ಡ ಮಗಳ್ರಿ?"

"ಕಸ್ತೂರಿ."

ಗೌಡರು ನನ್ನ ಮುಖವನ್ನೇ ನೋಡಿದರು. ನೀಲಮ್ಮ ಗಂಡನ ತೋಳು ಹಿಡಿದುಕೊಂಡರು. ಗೌಡರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಕಸ್ತೂರಿ ತೀರಿಕೊಂಡು ಭಾಳ ವರ್ಷ ಆತ್ರಿ, ಅಕ್ಕಾರ. ಸುಜಾತಾ ಇನ್ನಾ ಸಾಲಿಗೆ ಹೋಗ್ತಿದ್ಳು. ಕಾಮಾಲಿ ಆತು, ಹೊಟ್ಟಿ ಉಬ್ಬಿತು, ಹೋದ್ಳು. ನಮ್ಮ ಹೊಲದಾಗ ಮಣ್ಣು ಮಾಡೇವಿ. ನಿಮಗ ಆಕಿ ಹೆಸರು ಯಾರು ಹೇಳಿದ್ರು?"

ಸುಳ್ಳು ಹೇಳಲು ನನಗೆ ಹೊಳೆಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಗೌಡರು ತಲೆ ಅಲ್ಲಾಡಿಸುತ್ತ, ಯಾರೋ ಓಣಿಯ ಹುಡುಗಿ ಇದ್ದಿರಬೇಕು ಎಂದರು. ನೀಲಮ್ಮ ಒಂದೇ ಮಾತು ಕೇಳಿದರು.

"ಸೂಜಿ ಚುಚ್ಚಿದಾಗ ನೋವಾತಂತ ಅಂದ್ಳೇನ್ರಿ?"

"ಇಲ್ರಿ" ಎಂದೆ. ಅದು ನಿಜವೂ ಆಗಿತ್ತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಯಾರೋ ಓಣಿಯ ಹುಡುಗಿ ಎಂದೇ ನಾನೂ ನಂಬಲು ನೋಡಿದೆ. ನಂಬಲು ಬಿಡದೆ ಹೋದದ್ದು ಆ ರಕ್ತವೇ. ಸುಜಾತಾಳ ಹೊಸ ರಕ್ತ ತೆಗೆದು ಓದಿಸಿ, ಆ ಮನೆಯ ಎಲ್ಲರ ಮಾಹಿತಿಯನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದೆ. ಆ ನಳಿಗೆಯ ರಕ್ತ ಹೆಣ್ಣಿನದು. ಸುಜಾತಾಳದಲ್ಲ, ನೀಲಮ್ಮನದಲ್ಲ. ಗೌಡರಿಗೂ ನೀಲಮ್ಮನಿಗೂ ಹುಟ್ಟಿದ ಮಗಳೊಬ್ಬಳದು, ಸುಜಾತಾಳ ಒಡಹುಟ್ಟಿದವಳದು. ದಾಯಾದಿಗಳ ಮಗಳಾಗಿದ್ದರೆ, ಮಾವನ ಮಗಳಾಗಿದ್ದರೆ ಲೆಕ್ಕ ಬೇರೆಯೇ ಬರುತ್ತಿತ್ತು. ಇಂಥ ಮನೆತನಗಳಲ್ಲಿ ಸಂಬಂಧಗಳು ಹೆಣೆದುಕೊಂಡಿರುತ್ತವೆ ಎಂದು ಅದನ್ನೂ ಕಳೆದು ನೋಡಿದೆ. ಉತ್ತರ ಬದಲಾಗಲಿಲ್ಲ. ಆ ದಂಪತಿಗೆ ಇನ್ನೊಬ್ಬ ಮಗಳು ಹುಟ್ಟಿ ಎಲ್ಲಾದರೂ ಬೆಳೆದಳೇ ಎಂದು ನೀಲಮ್ಮನ ತಂಗಿಯ ಹತ್ತಿರ ಸುತ್ತಿಬಳಸಿ ಕೇಳಿದ್ದೂ ಆಯಿತು. ಮುದ್ದೇಬಿಹಾಳದ ಕಡೆ, ತಂಗಡಗಿಯ ತವರುಮನೆಯಲ್ಲಿ ಮೂರೂ ಬಾಣಂತನ ಮಾಡಿದ್ದು ಆ ತಂಗಿಯೇ. ಮೂರೇ ಮಕ್ಕಳು ಎಂದ ಅವರು ನನ್ನನ್ನು ತಲೆ ಕೆಟ್ಟವಳೆಂದುಕೊಂಡರೋ ಏನೋ.

ನಮ್ಮ ಮುಖ್ಯಸ್ಥರು ಮಾದರಿ ಅದಲುಬದಲಾಗಿದೆ ಎಂದರು. ಯಾರ ಜೊತೆ ಸಾರ್ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಸಹಿ ಇಲ್ಲದ ಮಾದರಿ ಹೇಗೂ ಲೆಕ್ಕಕ್ಕಿಲ್ಲ, ನಮ್ಮ ಸಂಶೋಧನಾ ಪ್ರಬಂಧದಿಂದ ತೆಗೆಯಿರಿ ಎಂದರು. ತೆಗೆದೆ. ಪ್ರಬಂಧದಲ್ಲಿ ಈಗ ಸುಜಾತಾಳ ಎರಡನೆಯ ರಕ್ತದ ಮಾತಷ್ಟೇ ಇದೆ. ತಂದೆತಾಯಿಯಲ್ಲಿ ಆ ದೋಷದ ಒಂದೊಂದೇ ಪ್ರತಿ, ಇಬ್ಬರೂ ಆರೋಗ್ಯವಂತರು. ಅವರಿಬ್ಬರ ಮತ್ತು ಆರೋಗ್ಯವಾಗಿದ್ದ ಅಣ್ಣನ ಮಾಹಿತಿ ಮಾತ್ರ ಇದ್ದಿದ್ದರೆ ಆ ದಾರಿಯ ಕಡೆ ನಾನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಇದನ್ನು ನನಗೆ ಅಲ್ಲಿ ಬರೆಯಲು ಆಗಲಿಲ್ಲ.

ಮೈಬೂಬನನ್ನು ಕರೆದುಕೊಂಡು ಒಮ್ಮೆ ಇಂಗಳೇಶ್ವರಕ್ಕೆ ಹೋದೆ. ನೀಲಮ್ಮ ಕಸ್ತೂರಿಯ ಫೋಟೊ ತೋರಿಸಿದರು. ಯಾವುದೋ ಮದುವೆಯಲ್ಲಿ ತೆಗೆದದ್ದು, ಬಣ್ಣ ಮಾಸಿತ್ತು, ಹತ್ತಾರು ಜನರ ನಡುವೆ ಒಂದು ಸಣ್ಣ ಮುಖ. ಇವಳೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಅಲ್ಲ ಎಂದೂ ಹೇಳಲಾರೆ. ಮೈಬೂಬ ಫೋಟೊ ನೋಡಿದವನೇ ಹಿಂದಕ್ಕೆ ಕೊಟ್ಟುಬಿಟ್ಟ. ಹಿಂದಿರುಗುವಾಗ ಬಾಗೇವಾಡಿಯಲ್ಲಿ ಜೀಪು ನಿಲ್ಲಿಸಿದೆವು. ಅಲ್ಲಿ ಚಹಾದ ಅಂಗಡಿಯ ಮುಂದೆ ನಿಂತು ಹೇಳಿದ:

"ನಾ ಏನೂ ಅನ್ನಾಂಗಿಲ್ರಿ ಮೇಡಂ. ನೀವು ಏನಾರ ಬರಕೊಳ್ರಿ. ಆದ್ರ ಆ ನಳಿಗಿ ನನ್ನ ಕೈಯಾಗ ಬಿಸಿ ಹತ್ತಿತ್ರಿ. ಜೀವ ಇದ್ದವರ ರಕ್ತ ಹೆಂಗಿರತೈತೋ ಹಂಗ."

ಚಹಾದ ದುಡ್ಡು ಕೊಟ್ಟು ಜೀಪು ಹತ್ತಿದ.

ಇಷ್ಟೆಲ್ಲ ಆಗಿ ವರ್ಷಗಳು ಕಳೆದಿವೆ. ಸುಜಾತಾಳ ಕೈ ಈಗ ನಡುಗುವುದಿಲ್ಲ. ಮಾತು ನಿಧಾನ, ಆದರೆ ಸ್ಪಷ್ಟ. ಇಂಡಿಗೆ ಮದುವೆಯಾಗಿ ಹೋಗಿದ್ದಾಳೆ, ಅಲ್ಲಿ ಹೊಲಿಗೆ ಕಲಿಸುತ್ತಾಳೆ. ತಪಾಸಣೆಗೆಂದು ವಿಜಯಪುರಕ್ಕೆ ಬಂದಾಗ ನನ್ನನ್ನೂ ಕಂಡು ಹೋಗುತ್ತಾಳೆ. ಅವಳೆದುರು ನಾನು ಈ ಮಾತು ಎತ್ತಿರಲಿಲ್ಲ. ಕಳೆದ ಸಲ ಬಂದಾಗ ತಾನೇ ಎತ್ತಿದಳು. ತಾಯಿ ಹೇಳಿದ್ದರಂತೆ.

"ಅವತ್ತು ನಾವೆಲ್ಲಾರೂ ಮನಿಯಾಗ ಇದ್ವಿರಿ" ಎಂದಳು. "ಅವ್ವ ರೊಟ್ಟಿ ಬಡಿಯಾಕತ್ತಿದ್ಳು. ನಾ ಕಿಟಕಿ ಬಾಜೂಕ ಕುಂತಿದ್ನಿ. ಆಕಿ ನಿಮ್ಮ ಮುಂದ ಬಂದ್ಳು, ಮಾತಾಡಿದ್ಳು. ನಿಮಗೇನ ಆಕಿ ಗುರ್ತ ಇರಲಿಲ್ಲ. ನಮಗ್ಯಾಕ ಕಾಣಿಸ್ಲಿಲ್ರಿ?"

ಅದು ತಕರಾರಿನ ದನಿಯಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ಇಷ್ಟು ಓದಿದ ನಾನು ಏನಾದರೂ ಹೇಳಿಯೇನೆಂದು ಅವಳು ಕಾದಳು. ನನಗೆ ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿ, ಇಂಡಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.