ಹಾವಿನ ಮರಿಗೆ ಪುರುಡು

ಫ್ರೀಜರಿನಿಂದ ತೆಗೆದ ಇಲಿಮರಿಯನ್ನು ಬಿಸಿನೀರಿನಲ್ಲಿಟ್ಟರೆ ಮೊದಲು ಮೆತ್ತಗಾಗುವುದು ಬಾಲ, ಕೊನೆಗೆ ಹೊಟ್ಟೆ. ಒಳಗೆ ಮಂಜು ಉಳಿದಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಮೊಟ್ಟೆ ಹಾಕಿದ್ದಾರೆಂದು ಕೇಕನ್ನೂ ಮುಟ್ಟದ ನಾನು ಈ ವಿದ್ಯೆಯಲ್ಲಿ ಪಾರಂಗತಳಾದದ್ದು ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ, ಕಾರ್ನ್ ಸ್ನೇಕ್ ಎಂಬ ಹಾವಿನ ಮರಿಯೊಂದಕ್ಕೆ ಉಣಿಸಬೇಕಾದ ದೆಸೆಯಿಂದ. ವಿಷವಿಲ್ಲ, ಕಿತ್ತಳೆ ಬಣ್ಣ, ಶೂ ಲೇಸಿನಷ್ಟು ಗಾತ್ರ. ಸಾಕುವುದಕ್ಕೆ ಹಾವೇ ಏಕೆ ಎಂದು ನೀವೂ ಕೇಳುವಿರಿ. ಅದು ಯಾರ ಮನೆಗೂ ಹೋಗುವುದಿಲ್ಲ, ಯಾರನ್ನೂ ಮನೆಗೆ ಕರೆಯುವುದಿಲ್ಲ. ಇಷ್ಟು ಸುಸಂಸ್ಕೃತ ಸಂಗಾತಿ ನನಗೆ ಮನುಷ್ಯರಲ್ಲಿ ಸಿಕ್ಕಿರಲಿಲ್ಲ.

ಮಾರಿದವರು ಹೇಳಿದ್ದು ಸ್ವಲ್ಪವೇ. ಮೇಲಿನಿಂದ ಎರಗಿ ಹಿಡಿಯಬೇಡಿ, ಪಕ್ಕದಿಂದ ಮೈಯ ನಡುವಿಗೆ ಅಂಗೈ ಕೊಟ್ಟು ಎತ್ತಿ. ತಿಂದ ಮೇಲೆ ಎರಡು ದಿನ ಮುಟ್ಟಲೇಬೇಡಿ. ನಿಯಮಗಳೆಂದರೆ ನನಗೆ ಪ್ರಾಣ. ಆದರೆ ಅಷ್ಟರಲ್ಲಿ ಹಾವಿನ ವಿಷಯ ಹತ್ತಿರದ ಬೊಬ್ಲಿಂಗೆನ್ ಊರಿನ ಸುಮಕ್ಕನಿಗೆ ತಿಳಿದಿತ್ತು. ಸುಮಕ್ಕನಿಗೆ ತಿಳಿಯಿತೆಂದರೆ ಸುತ್ತಲಿನ ಸಮಸ್ತ ಕನ್ನಡ ಕುಲಕ್ಕೂ ತಿಳಿಯಿತೆಂದೇ ಅರ್ಥ.

ಮರಿ ಮೊದಲ ಊಟ ಮುಗಿಸಿದ ಮಾರನೆಯ ದಿನವೇ ಮೂರು ಸಂಸಾರಗಳು ಕೋಡುಬಳೆ ಡಬ್ಬಿಯೊಂದಿಗೆ ಹೊಸ ಮಗುವನ್ನು ನೋಡುವ ಸಂಭ್ರಮದಲ್ಲಿ ಬಂದಿಳಿದವು. ನಾನು ಎರಡು ದಿನದ ನಿಯಮ ಹೇಳಿದೆ. ಒಬ್ಬ ಇಂಜಿನಿಯರು ಐದೇ ನಿಮಿಷ ಎಂದರು. ಇನ್ನೊಬ್ಬರು ಒಂದೇ ಸೆಲ್ಫಿ ಎಂದರು. ಪ್ರೊಫೆಸರುಗಳ ಸಾಲಿನೆದುರು ನಿಂತು ನನ್ನ ಸಂಶೋಧನೆಯನ್ನು ಸಮರ್ಥಿಸಿಕೊಂಡಿದ್ದ ನಾನು ಕೋಡುಬಳೆಯೆದುರು ಸೋತು ಕಾಫಿಗೆ ನೀರಿಟ್ಟೆ. ಮರಿ ಕೈಯಿಂದ ಕೈಗೆ ಪ್ರಸಾದದಂತೆ ಸುತ್ತಿತು.

ಮರುದಿನ ತಿಂದದ್ದನ್ನೆಲ್ಲ ಕಾರಿತು. ಇಷ್ಟು ಸಣ್ಣ ಮರಿ ಇನ್ನೊಮ್ಮೆ ಕಾರಿಕೊಂಡರೆ ಉಳಿಯುವುದು ಕಷ್ಟವೆಂದರು ಪಶುವೈದ್ಯೆ. ಒಂದೂವರೆ ವಾರ ಉಪವಾಸ, ಆಮೇಲೆ ಚಿಕ್ಕದೊಂದು ತುತ್ತು, ಆಮೇಲೆ ಸಂಪೂರ್ಣ ಏಕಾಂತ. ನನಗೆ ಅಸೂಯೆಯಾಗುವಂಥ ಚಿಕಿತ್ಸೆ.

ಆ ತುತ್ತು ಗಂಟಲಿನಿಂದ ಇಳಿದ ಸಂಜೆಯೇ ಸುಮಕ್ಕನ ಫೋನ್ ಬಂತು. ಮೈಸೂರಿನಿಂದ ಅತ್ತೆ ಬಂದಿದ್ದಾರೆ, ಹಾವು ನೋಡಬೇಕಂತೆ, ಈಗಲೇ ಹೊರಟೆವು ಎಂದರು.

"ಅಕ್ಕಾ, ಬರಬೇಡಿ," ಎಂದೆ. ಜೀವಮಾನದಲ್ಲಿ ಯಾರಿಗೂ ಹೇಳಿರದ ಮಾತು. ಗಾಬರಿಯಲ್ಲಿ ಸರೀಸೃಪಗಳ ಜಠರಾಮ್ಲದ ಬಗ್ಗೆ ಸಣ್ಣದೊಂದು ಉಪನ್ಯಾಸವನ್ನೇ ಕೊಟ್ಟೆ.

"ಆ್ಯಸಿಡ್ಡು ಗೀಸಿಡ್ಡು ಅಂದ್ರೆ ನಂಗೇನೇ ಗೊತ್ತಾಗುತ್ತೆ? ಪುರುಡು ಅಂತ ಹೇಳೋದಲ್ವಾ ಮೊದ್ಲೇ. ನಾವ್ಯಾರಾದ್ರೂ ಬರ್ತಿದ್ವಾ?"

ಮಗು ಹುಟ್ಟಿದ ಮನೆಗೆ ಹೊರಗಿನವರು ಕಾಲಿಡದ, ಮಗುವನ್ನು ಮುಟ್ಟದ ಹತ್ತು ದಿನಗಳೇ ಪುರುಡು. ಅದನ್ನು ಮೈಲಿಗೆ ಎಂದು ಓದಿಕೊಂಡು ಮೂಗು ಮುರಿದಿದ್ದವಳು ನಾನು. ವಿಜ್ಞಾನಕ್ಕೆ ಐದು ನಿಮಿಷದ ರಿಯಾಯಿತಿ ಕೇಳಿದ್ದ ಇಂಜಿನಿಯರುಗಳು ಪುರುಡಿಗೆ ಒಂದು ಸೆಲ್ಫಿಯನ್ನೂ ಕೇಳಲಿಲ್ಲ. ಸುಮಕ್ಕ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಸುದ್ದಿಗೆ ಎಲ್ಲರೂ ಕೈಮುಗಿದು ಸುಮ್ಮನಾದರು. ಕೋಡುಬಳೆಯ ಕಾಟ ತಪ್ಪಿತೆಂದು ಹಿಗ್ಗುತ್ತಿದ್ದೆ. ಆದರೆ ಸುಮಕ್ಕ ಫೋನ್ ಇಡುವ ಮುನ್ನ ಮೆಲ್ಲಗೆ ಹೇಳಿದ್ದು ಮಾತ್ರ ಮನಸ್ಸಿನಲ್ಲೇ ಕೂತಿತು: "ಒಬ್ಳೇ ಇದೀಯ. ಏನಾಯ್ತು ಅಂತ ತಿಳಿಸು, ಆಯ್ತಾ?"

ಮರುದಿನ ಬೆಳಿಗ್ಗೆ ಮರಿಯ ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆಯದೆ ಬಗ್ಗಿ ನೋಡಿದೆ. ಮೈಯ ನಡುವಿನ ಉಬ್ಬು ಹಾಗೇ ಇತ್ತು. ಕೆಳಗೆ ಹಾಸಿದ ಕಾಗದ ಕಾರಿದ ಗುರುತಿಲ್ಲದೆ ಶುಭ್ರವಾಗಿತ್ತು. ನಾನಾಗಿಯೇ ಸುಮಕ್ಕನಿಗೆ ವಿಡಿಯೋ ಕರೆ ಮಾಡಿದೆ. ಅತ್ತೆಯವರನ್ನು ಕರೆಯಿರಿ ಎಂದು ಹೇಳಿ, ಫೋನನ್ನು ಗಾಜಿನ ಹತ್ತಿರ ಹಿಡಿದುಕೊಂಡು ನೆಲದ ಮೇಲೆ ಕುಳಿತೆ.